ಜುಮ್ಮೆನ್ನದ ಸೊಂಟ

ಬಸ್ಸಿನ ಟೈರು ಎತ್ತಲು ಬಗ್ಗಿದ ಡ್ರೈವರ್ ಮತ್ತೆ ನೆಟ್ಟಗಾಗಲಿಲ್ಲ. ಅರ್ಧ ಮಡಿಸಿದ ಚಾಕುವಿನಂತೆ ಮನೆಗೆ ಬಂದು ಫೋನಿನಲ್ಲಿ ರಜೆ ಕೇಳಿದ. "ಸಂಜೆ ನಾನೇ ಬಂದು ನಿನ್ನ ಸೊಂಟ ನೋಡ್ತೀನಿ. ಆಮೇಲೆ ರಜೆಯ ಮಾತು," ಎಂದರು ಡಿಪೋ ಸಾಹೇಬರು. ನಾಟಕವೆಂದು ಅವರಿಗೆ ಅನ್ನಿಸಿದರೆ ಮುಗಿಯಿತು, ನಾಳೆ ನಸುಕಿನ ಬಸ್ಸಿಗೆ ಇವನೇ.

ಫಿಸಿಯೋ ಡಾಕ್ಟರಮ್ಮ ಸಂಜೆಯವರೆಗೆಂದು ಒಂದು ಯಂತ್ರ ಕಳಿಸಿದ್ದರು. ಅಂಗೈಯಗಲದ ಡಬ್ಬಿ, ಎರಡು ವೈರು, ವೈರಿನ ತುದಿಗೆ ಒಂದೊಂದು ಪ್ಯಾಡು. ಗುಂಡಿ ಒತ್ತಿದರೆ ಸಣ್ಣಗೆ ಕರೆಂಟು ಹರಿದು, ಹಿಡಿದುಕೊಂಡ ಮಾಂಸಖಂಡ ತಾನಾಗಿ ಬಿಗಿದು ಸಡಿಲಾಗುತ್ತದಂತೆ. ಹೆಂಡತಿ ಅವನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಪ್ಯಾಡು ಜಾರದಂತೆ ಟವೆಲಿನಿಂದ ಬಿಗಿದಳು.

"ಹೇಗಿದೆ?"

"ಏನೂ ಆಗ್ತಿಲ್ಲ ಕಣೇ."

"ಜಾಸ್ತಿ ಮಾಡಿದೀನಿ. ಈಗ?"

"ಈಗಲೂ ಇಲ್ಲ."

"ನಿಮಗೆ ಯಾವತ್ತು ಏನು ತಾಗಿದೆ ಹೇಳಿ. ಇಷ್ಟು ವರ್ಷ ನಾನು ಹೇಳಿದ್ದೇ ತಾಗಿಲ್ಲ."

ಒಳಗಿನಿಂದ ಅತ್ತೆಯ ಪಾದಗಳು ಬಂದವು. ನೆಲಕ್ಕೆ ಮೂಗೊತ್ತಿ ಮಲಗಿದವನಿಗೆ ಲೋಕವೆಂದರೆ ಬರೀ ಪಾದಗಳು. "ಅಳಿಯಂದಿರೇ, ಒಂಚೂರು ಇತ್ತ ಕೊಡಿ. ಮಂಡಿಗೆ ಇಟ್ಟು ನೋಡ್ತೀನಿ." ಸ್ವಲ್ಪ ಹೊತ್ತಿಗೇ ನಿಟ್ಟುಸಿರು. "ಅಬ್ಬ, ಜುಮ್ ಅಂತು. ಹಿಮ್ಮಡಿವರೆಗೂ ಇಳೀತು ನೋಡೇ."

ವಿಷಯ ಎದುರುಮನೆಗೆ ಹಾರಿತು. ಟೈಲರ್ ಓಡಿಬಂದು ಭುಜಕ್ಕೆ ಕಟ್ಟಿಸಿಕೊಂಡ. "ಒಳಗೆ ಹೊಲಿಗೆ ಮಶಿನ್ ಓಡಿದಂಗಾಯ್ತು ಮಾರಾಯ. ಕೈ ಎತ್ತಕ್ಕೆ ಬರ್ತಿದೆ ಈಗ."

ಯಂತ್ರ ಮತ್ತೆ ಡ್ರೈವರನ ಸೊಂಟಕ್ಕೆ ಬಂತು. ಏನೂ ಇಲ್ಲ.

"ಮೈ ಸಡಿಲ ಬಿಡು," ಎಂದ ಟೈಲರ್.

"ನಂಬಿಕೆ ಬೇಕು," ಎಂದರು ಅತ್ತೆ.

"ಕೋಣನ ಮುಂದೆ ಕಿನ್ನರಿ," ಎಂದಳು ಹೆಂಡತಿ.

ಸಂಜೆಯ ಹೊತ್ತಿಗೆ ಅವನಿಗೆ ತನ್ನ ಸೊಂಟದ ಮೇಲೇ ಅನುಮಾನ ಹುಟ್ಟಿತು. ಊರವರೊಂದಿಗೆಲ್ಲ ಮಾತಾಡುವ ಯಂತ್ರ ತನ್ನೊಬ್ಬನ ಎದುರು ಮೌನವ್ರತ ಹಿಡಿದಿತ್ತು.

ಕರಿಬೂಟುಗಳು ಬಂದು ಮೂಗಿನ ಬಳಿ ನಿಂತವು. ಡಿಪೋ ಸಾಹೇಬರು. ಟೈಲರ್ ಬಿಡಬೇಕಲ್ಲ, ಮೊದಲು ಅವರ ಕುತ್ತಿಗೆಗೇ ಕಟ್ಟಿಸಿದ. "ಭೇಷ್, ಹಗುರಾಯ್ತು," ಎಂದವರೇ ಸಾಹೇಬರು ಡ್ರೈವರನ ಕಡೆ ಬಗ್ಗಿದರು. "ನಮಗೆಲ್ಲ ತಾಗಿದ್ದು ನಿನಗೆ ತಾಗ್ತಿಲ್ವಂತೆ. ಅಲ್ಲಿ ನೋವಿದ್ರೆ ತಾನೇ ತಾಗೋದು?"

ಬೆಳಗಿನಿಂದ ನಿಜವನ್ನೇ ಹೇಳಿ ಹೇಳಿ ಅವನ ನಾಲಿಗೆ ಸೋತಿತ್ತು. ಹೆಂಡತಿ ಮತ್ತೆ ಅವನ ಸೊಂಟಕ್ಕೆ ಪ್ಯಾಡಿಟ್ಟು ಟವೆಲ್ ಬಿಗಿಯುತ್ತಿದ್ದಂತೆ, "ತಾಗ್ತಿದೆ ಸಾರ್. ಸೊಂಟ ಪೂರ್ತಿ ಜುಮ್ ಜುಮ್ ಅಂತ ಅದುರ್ತಿದೆ," ಎಂದುಬಿಟ್ಟ.

ಎಲ್ಲರಿಗೂ ಸಮಾಧಾನವಾಯಿತು. ಅಷ್ಟರಲ್ಲಿ ಯಂತ್ರ ವಾಪಸು ಒಯ್ಯಲು ಡಾಕ್ಟರಮ್ಮ ಬಂದರು. ಟವೆಲ್ ಬಿಚ್ಚಿ, ಪ್ಯಾಡಿನ ಅಡಿಯಿಂದ ಗಾಜಿನಂಥ ತೆಳು ಹಾಳೆಯೊಂದನ್ನು ಸುಲಿದರು.

"ಈ ಪ್ಲಾಸ್ಟಿಕ್ಕು ತೆಗೆದೇ ಇಲ್ವಲ್ರೀ. ಅಂಟೋ ಭಾಗ ಇದರ ಕೆಳಗಿರೋದು. ಇಡೀ ದಿನ ಯಾರಿಗೂ ಒಂದು ಚೂರೂ ಕರೆಂಟು ಹೋಗಿಲ್ಲ."

ಕೋಣೆಯಲ್ಲಿದ್ದ ಪಾದಗಳು ಒಂದೊಂದಾಗಿ ಅವನ ಕಡೆಗೆ ತಿರುಗಿದವು.

"ಇಲ್ಲದ ಕರೆಂಟಿಗೆ ಸೊಂಟ ಅದುರಿಸಿದವನು," ಎಂದರು ಸಾಹೇಬರು ನಿಧಾನವಾಗಿ, "ಇಲ್ಲದ ನೋವಿಗೆ ಮುಲುಗಲಾರನೇ?"

"ಸಾರ್, ನಿಮಗೂ ಹಗುರಾಯ್ತು ಅಂದ್ರಲ್ಲ."

"ನನ್ನದು ನಿಜವಾಗಲೂ ಹಗುರಾಗಿದೆ ಕಣಯ್ಯ."

ಡ್ರೈವರ್ ಪ್ರಯಾಸದಿಂದ ತಲೆಯೆತ್ತಿದ. ಸಾಹೇಬರು ಗೂಬೆಯ ಹಾಗೆ ಕುತ್ತಿಗೆಯನ್ನು ಈ ಭುಜದಿಂದ ಆ ಭುಜಕ್ಕೆ ಸಲೀಸಾಗಿ ತಿರುಗಿಸಿ ತೋರಿಸುತ್ತಿದ್ದರು.

"ಸುಳ್ಳಾಗಿದ್ರೆ ಇದು ಹೀಗೆ ತಿರುಗ್ತಿತ್ತಾ? ಬೆಳಗಿನ ಮೊದಲ ಬಸ್ಸು ನಿನ್ನದೇ."