ಮೇಲಿನ ಮನೆಯ ಬೀಗ

ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರಿಗೆ ಮುಪ್ಪಿನಲ್ಲಿ ಚಿಂತೆಯಿಲ್ಲ ಎಂದು ಬೀಗದವನ ಹೆಂಡತಿಗೆ ಯಾರೂ ಹೇಳಿಕೊಡಲಿಲ್ಲ. ಆ ಬುದ್ಧಿ ಪೂರ್ತಿ ಅವಳದೇ. ಹಾಗಾಗಿ ಈಗ ಬೈಯೋಣವೆಂದರೂ ಬೇರೆ ಯಾರೂ ಸಿಗುವುದಿಲ್ಲ.

ಗಂಡನ ಕಣ್ಣಿಗೆ ಪೊರೆ ಬರತೊಡಗಿತ್ತು. ಕೀಲಿಕೈಯ ಹಲ್ಲುಗಳನ್ನು ಅವನು ನೋಡಿ ಅಲ್ಲ, ಹೆಬ್ಬೆರಳಿನಿಂದ ಸವರಿ ಸವರಿ ಅರ ಹಾಕುತ್ತಿದ್ದ. ಹೆಬ್ಬೆರಳಿನ ಚರ್ಮ ಸುಲಿದು ಕೆಂಪಾಗಿರುತ್ತಿತ್ತು.

"ಕೈ ನಿಂತ್ರೆ ಹೊಟ್ಟೆ ನಿಲ್ಲುತ್ತಾ? ಮೇಲೊಂದು ಮನೆ ಕಟ್ಟಿಸೋಣ. ಅದು ದುಡಿಯುತ್ತೆ, ನಾವು ಕೂತು ಉಣ್ಣೋಣ," ಎಂದಳು.

"ಮನೆ ದುಡಿಯಲ್ಲ ಕಣೇ. ಸುಮ್ನೆ ನಿಂತಿರುತ್ತೆ."

"ನೀವು ಕೂತೇ ದುಡಿಯಲ್ವಾ? ಅದು ನಿಂತೇ ದುಡೀಲಿ."

ಅವಳ ಬಳೆ, ಸರ, ಅವನ ಕಣ್ಣಿನ ಆಪರೇಷನ್ನಿಗೆಂದು ಇಟ್ಟಿದ್ದ ದುಡ್ಡು ಎಲ್ಲವೂ ಇಟ್ಟಿಗೆಯಾಗಿ ಮೇಲೇರಿತು. ಎರಡು ಕೋಣೆ, ಒಂದು ಅಡುಗೆಮನೆ, ಹೊರಗಿನಿಂದ ಮೆಟ್ಟಿಲು. ಮೊದಲ ಬಾಡಿಗೆಗಳಲ್ಲೇ ಕಣ್ಣು ಮಾಡಿಸುವುದೆಂದು ಮಾತಾಯಿತು. ಗಂಡ ತನ್ನ ಪಾಲಿಗೆ ಒಂದು ಬೀಗ ಮಾಡಿದ. ಬಾಗಿಲಿನ ದಪ್ಪದೊಳಗೇ ಹುಗಿದ ಬೀಗ. ಬಾಗಿಲು ಎಳೆದುಕೊಂಡರೆ ತಾನೇ ಬೀಳುತ್ತದೆ, ಹೊರಗಿನಿಂದ ಕೀಲಿಕೈ ಇಲ್ಲದೆ ಏಳುವುದಿಲ್ಲ. ಕಣ್ಣು ಇದ್ದಷ್ಟು ದಿನದಲ್ಲಿ ಮಾಡಿದ ಕೊನೆಯ ದೊಡ್ಡ ಕೆಲಸ ಅದು. (ಮಗು ಹುಟ್ಟಿದ್ದರೂ ಅಷ್ಟು ಎತ್ತಿ ಆಡಿಸುತ್ತಿರಲಿಲ್ಲ.)

ಬಾಡಿಗೆಗೆ ಬಂದವನು ಔಷಧಿ ಕಂಪನಿಯ ಮಾರಾಟಗಾರ. ಕೋಣೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಕೀಲಿಕೈ ಹಾಕಿ ತಿರುವಿ, ಕಿವಿಗೊಟ್ಟು ಕೇಳಿ, "ಇದು ಬೀಗ ಅಲ್ಲ ಯಜಮಾನ್ರೇ, ಕೋಟೆ," ಎಂದ. ಅಷ್ಟಕ್ಕೇ ಯಜಮಾನರು ಮುಂಗಡ ಬೇಡ ಎಂದುಬಿಟ್ಟರು. ಮಾಡಿದ್ದ ಎರಡು ಕೀಲಿಕೈಗಳನ್ನೂ ಅವನ ಕೈಗೇ ಇಟ್ಟರು.

"ಒಂದಾದ್ರೂ ನಮ್ಹತ್ರ ಇರ್ಲಿ," ಎಂದು ಹೆಂಡತಿ ಒಳಗೆ ಕರೆದು ಹೇಳಿದಳು.

"ಕೊಟ್ಟ ಬೀಗದ ಕೀಲಿಕೈ ಇಟ್ಕೊಳ್ಳೋನು ಬೀಗದವನಲ್ಲ, ಕಳ್ಳ. ನಮ್ಮಪ್ಪ ಹೇಳಿದ್ದು."

"ನಿಮ್ಮಪ್ಪ ಮನೆ ಬಾಡಿಗೆಗೆ ಕೊಟ್ಟಿದ್ರಾ?"

ಕೊಟ್ಟಿರಲಿಲ್ಲ. ಅದಕ್ಕೇ ನೆಮ್ಮದಿಯಾಗಿ ಸತ್ತರು.

ಮಾರಾಟಗಾರ ಒಂದು ಬೆಳಿಗ್ಗೆ ಪೆಟ್ಟಿಗೆ ಹಿಡಿದು ಊರಿಗೆ ಹೋಗಿ ಬರುತ್ತೇನೆಂದು ಹೊರಟವನು ಬರಲಿಲ್ಲ. ಫೋನು ಮಾಡಿದರೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಹೇಳುತ್ತಿದ್ದಳು. ಒಂದು ತಿಂಗಳು ಹೋಯಿತು, ಮತ್ತೊಂದೂ ಹೋಯಿತು. ಮನೆ ಕೇಳಿಕೊಂಡು ಬಂದವರು ಬೀಗ ನೋಡಿ ಹಿಂತಿರುಗಿದರು. ಕೆಳಗೆ ಗಂಡ ಒಂದು ದಿನ ಕೀಲಿಕೈಗೆ ಬದಲು ತನ್ನ ಉಗುರಿಗೇ ಅರ ಹಾಕಿದ.

"ತೆಗೀರಿ ಅದನ್ನ. ನೀವೇ ಮಾಡಿದ್ದಲ್ವಾ?"

"ತೆಗೆದ್ರೆ ಬೀದಿ ಏನನ್ನುತ್ತೆ? ಇವನ ಬೀಗ ಕೀಲಿಕೈ ಇಲ್ದೆನೂ ತೆಗೆಯೋಕೆ ಬರುತ್ತೆ ಅನ್ನುತ್ತೆ. ಆಮೇಲೆ ನನ್ನ ಬೀಗ ಯಾರು ತಗೋತಾರೆ?"

"ತೆಗೆಯದಿದ್ರೆ?"

"ಮಾಡಿದವನಿಗೇ ತೆಗೆಯೋಕೆ ಬರಲ್ಲ ಅನ್ನುತ್ತೆ." ಹೆಬ್ಬೆರಳು ಸವರಿಕೊಂಡು, "ಈಗ ಬರೋದೂ ಇಲ್ಲ. ಕಣ್ಣು ಬೇಕು," ಎಂದ.

"ಹಾಗಾದ್ರೆ ಬಾಗಿಲೇ ಒಡೆಸಿ."

"ಬಾಗಿಲು ಒಡೆದ್ರೂ ಸೋತಿದ್ದು ಬೀಗವೇ."

ಮಾತಿನಿಂದ ಏಳದ್ದು ಕೆಲಸದಿಂದ ಏಳುತ್ತದೆ ಎಂದು ಅವಳು ಅಂದುಕೊಂಡಳು. ಗಂಡ ಕಣ್ಣಿನ ಡಾಕ್ಟರ ಬಳಿ ಸಾಲಿನಲ್ಲಿ ಕೂರಲು ಹೋದ ದಿನ, ಬಸ್ ನಿಲ್ದಾಣದ ಗೋಡೆಗೆ ಒರಗಿ ಛತ್ರಿಯ ಕೆಳಗೆ ಕೂರುವ ಹೊಸ ಬೀಗದವನನ್ನು ಅವಳು ಕರೆತಂದಳು. ಗಂಡ ಅವನನ್ನು ಛತ್ರಿಯವನು ಎಂದೇ ಕರೆಯುತ್ತಿದ್ದ. ಕಸುಬಿನ ಹೆಸರನ್ನು ಅವನಿಗೆ ಕೊಡಲು ಮನಸ್ಸಿರಲಿಲ್ಲ.

ಛತ್ರಿಯವನು ಮಂಡಿಯೂರಿದ. ಎರಡು ತಂತಿ ಹಾಕಿ, ನಾಲಿಗೆ ಕಚ್ಚಿಕೊಂಡು, ಬಾಗಿಲಿಗೆ ಕೆನ್ನೆಯಿಟ್ಟ. ಅವಳು ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು.

"ಒಳ್ಳೇ ಬೀಗ ಅಮ್ಮ," ಎಂದ. ಹೊಗಳಿಕೆ ಬೀಗಕ್ಕೋ ತನಗೋ ತಿಳಿಯಲಿಲ್ಲ.

ಒಳಗೆ ಫ್ಯಾನಿಲ್ಲ, ಬಲ್ಬಿಲ್ಲ, ನಲ್ಲಿಯ ತಿರುಪೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಎರಡು ಕೀಲಿಕೈಗಳು ಮಾತ್ರ ಜೋಡಿಯಾಗಿ ಇದ್ದವು. ಮಾರಾಟಗಾರ ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ಎದುರು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಎಲ್ಲವನ್ನೂ ನೋಡಿದ್ದಳು. ಗಂಡ ಮನೆ ಸೇರುವ ಮೊದಲು ಸುದ್ದಿ ಬೀದಿ ಸುತ್ತಿ ಅವನನ್ನು ತಿರುವಿನಲ್ಲೇ ಎದುರುಗೊಂಡಿತ್ತು. ಅವನು ಬೈಯಲಿಲ್ಲ. ಕೈಕಾಲು ತೊಳೆದು, "ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದ.

"ತುಂಬ ಹೊತ್ತು," ಎಂದಳು.

"ಸುಳ್ಳು ಹೇಳೋಕೂ ಅಭ್ಯಾಸ ಬೇಕು ಕಣೇ."

ಮಾರನೆಯ ದಿನ ಛತ್ರಿಯವನು ಮತ್ತೆ ಬಂದ. ಮನೆ ಇಷ್ಟವಾಗಿದೆ, ಬಿಸಿಲಲ್ಲಿ ಕೂತು ಸಾಕಾಗಿದೆ, ಮುಂಗಡ ಕೈಯಲ್ಲೇ ಇದೆ ಎಂದ. ಅವಳು ಗಂಡನ ಮುಖ ನೋಡಿದಳು. ಗಂಡ ಗೋಡೆಯ ಕಡೆ ನೋಡಿ, "ಬಾಡಿಗೆ ಮನೆಗೆ ಬಾಡಿಗೆಯವನು ಬೇಕು," ಎಂದ.

ಮೇಲೆ ಛತ್ರಿಯವನ ಬೋರ್ಡು ಬಂತು. ಕೋಟೆಯಂಥ ಬೀಗವನ್ನೇ ತೆರೆದವನೆಂದು ಗಿರಾಕಿಗಳು ಮೆಟ್ಟಿಲು ಹತ್ತಿದರು. ಕೆಳಗೆ ನಿಂತು ವಿಳಾಸ ಕೇಳಿದವರಿಗೆ ಗಂಡ ಕೈ ಮೇಲೆತ್ತಿ ತೋರಿಸುತ್ತಿದ್ದ. ಬಾಡಿಗೆ ಮಾತ್ರ ತಪ್ಪದೆ ಬರುತ್ತಿತ್ತು.

"ನೋಡಿ, ಮನೆ ದುಡೀತಿದೆ," ಎಂದು ಅವಳು ಧೈರ್ಯ ಹೇಳಲು ಹೋದಳು.

"ಹೌದು. ಮೊದ್ಲು ಗಿರಾಕಿ ದುಡ್ಡು ನೇರವಾಗಿ ನನ್ನ ಕೈಗೆ ಬರ್ತಿತ್ತು. ಈಗ ಮೆಟ್ಲು ಹತ್ತಿ, ಅವನ ಕೈಲಿ ಸವೆದು, ಇಳಿದು ಬರ್ತಿದೆ."

ಇಳಿದು ಬಂದದ್ದು ಊಟಕ್ಕಾಯಿತು, ಕಣ್ಣಿಗೆ ಉಳಿಯಲಿಲ್ಲ. ಕೊನೆಗೆ ಛತ್ರಿಯವನೇ ಮರ್ಯಾದೆಯಿಂದ ಕೇಳಿದ: ಮೇಲೆ ಕೆಲಸ ಜಾಸ್ತಿ, ಹಿರಿಯರು ಬಂದು ಕೀಲಿಕೈ ಉಜ್ಜಿಕೊಟ್ಟರೆ ದಿನಗೂಲಿ ಕೊಡುತ್ತೇನೆ.

ಬೆಳಿಗ್ಗೆ ಗಂಡ ಅರದ ಚೀಲ ಹೆಗಲಿಗೆ ಹಾಕಿ, ಕಂಬಿ ಹಿಡಿದು, ಕಾಲಿನಿಂದ ತಡವಿ ತಡವಿ ಮೆಟ್ಟಿಲು ಹತ್ತಿದ. ಅವಳು ಕೆಳಗೆ ನಿಂತು ನೋಡಿದಳು. ಮೇಲೆ ಹೋದವನು ಬಾಗಿಲು ತಟ್ಟಿ ಕಾಯುತ್ತಾ ನಿಂತ.

"ನಮ್ಮ ಮನೆ ಬಾಗಿಲು ರೀ ಅದು," ಎಂದಳು.

"ಗೊತ್ತು," ಎಂದ ಅವನು, ತಿರುಗಿ ನೋಡದೆ. "ಅವನು ಬಾಡಿಗೆ ಕೊಡ್ತಾನೆ."