ಸವಣೂರ ಬೀಗರೂ ನನ್ನ ಬೆನ್ನೂ

ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ ವಿಷಯಗಳು ಬಹಳ ಇವೆ. ಆದರೆ ಗೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ಅಭಿಪ್ರಾಯ ಹೇಳದೆ ಸುಮ್ಮನೆ ಕೂಡುವ ಪೈಕಿ ನಾನಲ್ಲ. ಹಾನಗಲ್ಲ ಪೇಟೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಧಾರವಾಡದಿಂದ ಮೋಟಾರಿನಲ್ಲಿ ಬರುವ ಪತ್ರಿಕೆ ಮೊದಲು ಇಳಿಯುವುದು ನನ್ನ ಕಟ್ಟೆಗೆ. ಅದನ್ನು ಗಟ್ಟಿಯಾಗಿ ಓದುವವನೂ ನಾನೇ, ಓದಿದ್ದರ ಮೇಲೆ ತೀರ್ಪು ಕೊಡುವವನೂ ನಾನೇ. ನಮ್ಮ ಮುಖಂಡರು ಸ್ವರಾಜ್ಯದ ಮಾತುಕತೆಗೆಂದು ಹಡಗು ಹತ್ತಿ ವಿಲಾಯತಿಗೆ ಹೊರಟ ವರ್ಷ ಕಟ್ಟೆಯ ಮೇಲೆ ಒಂದು ಪ್ರಶ್ನೆ ಎದ್ದಿತು. ಅಲ್ಲಿ ಬಾದಶಹ ಎದುರಾದರೆ ಇವರು ಬಗ್ಗಬೇಕೋ, ನೆಟ್ಟಗೆ ನಿಲ್ಲಬೇಕೋ? ಶೇಂಗಾ ವ್ಯಾಪಾರದ ಬಸಲಿಂಗಪ್ಪ, ಹೋದ ಮನೆಯ ರೀತಿ ನಡೆಸಬೇಕಪ್ಪ, ತುಸು ಬಗ್ಗಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದ. ನಾನು ಒಪ್ಪಲಿಲ್ಲ. ಮನುಷ್ಯ ತನ್ನ ಸಲುವಾಗಿ ಎಷ್ಟು ಬೇಕಾದರೂ ಬಗ್ಗಲಿ, ಆದರೆ ನಾಲ್ಕು ಜನರ ಪರವಾಗಿ ನಿಂತಾಗ ಅವನ ಬೆನ್ನು ಅವನದಲ್ಲ, ಆ ನಾಲ್ಕು ಜನರದು ಎಂದೆ. ಈ ಮಾತು ನನಗೇ ಬಹಳ ಚಂದ ಕೇಳಿಸಿತು. ಆ ಹುರುಪಿನಲ್ಲಿ ಎದ್ದು ನಿಂತು, ಎದೆ ಉಬ್ಬಿಸಿ ಕೈ ಮುಗಿದು, ಮುಖಂಡರು ಹೇಗೆ ನಿಲ್ಲಬೇಕೆಂದು ತೋರಿಸಿಯೂ ಕೊಟ್ಟೆ. ಬಾದಶಹನ ಜಾಗದಲ್ಲಿ ಒಂದು ಬೆಲ್ಲದ ಪೆಂಟೆ ಇತ್ತು.

ಇದಾದ ಸ್ವಲ್ಪ ದಿನಕ್ಕೆ ನನ್ನ ತಂಗಿ ಗಂಗವ್ವನಿಗೆ ಸವಣೂರಿನಿಂದ ಸಂಬಂಧ ಕೂಡಿಬಂತು. ಎಲೆತೋಟದ ಮನೆತನ, ಹುಡುಗ ನಾಲ್ಕಕ್ಷರ ಕಲಿತವನು. ಇನ್ನು ಹುಡುಗನ ತಂದೆ ಬಂದು, ಮನೆತನ ನೋಡಿ, ಎಲೆ ಅಡಿಕೆ ಕೈಗೆ ತೆಗೆದುಕೊಂಡರೆ ಮಾತು ಗಟ್ಟಿಯಾದಂತೆ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಯಜಮಾನ ನಾನೇ. ಈ ಸಂತೋಷವನ್ನು ಕಟ್ಟೆಯ ಮೇಲೆ ಹೇಳಿಕೊಂಡದ್ದೇ ತಪ್ಪಾಯಿತು. ನಮ್ಮ ಹಾನಗಲ್ಲು ಇಂಗ್ರೇಜಿ ಸರಕಾರದ್ದು, ಸವಣೂರು ನವಾಬರದ್ದು. ಬಂಕಾಪುರ ದಾಟಿ ಇನ್ನಷ್ಟು ದೂರ ಎತ್ತು ಹೊಡೆದರೆ ಬೇರೆ ರಾಜ್ಯ. ಹಾಗಾದರೆ ಬರುವ ಬೀಗರು ಪರದೇಶದ ಅತಿಥಿಯಾದರು, ನೀನು ನಮ್ಮ ಮುಖಂಡನಾದೆ, ನಿನ್ನ ಬೆನ್ನು ನೋಡಲು ನಾವೆಲ್ಲ ಬರುತ್ತೇವೆ ಎಂದ ಬಸಲಿಂಗಪ್ಪ. ಬರಬೇಕು, ನೋಡಿ ಕಲಿಯಬೇಕು ಎಂದೆ ನಾನು.

ಮನೆಯಲ್ಲಿ ಅವ್ವ ಹಣೆ ಬಡಿದುಕೊಂಡಳು. ಹೆಣ್ಣು ಕೊಡುವವರು ಬಗ್ಗಿಯೇ ಇರಬೇಕೆಂಬುದು ಅವಳ ವಾದ. ಈ ಬೀಗರು ಹಿಂದೊಮ್ಮೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಕಾಲಿಗೆ ನೀರು ಕೊಡುವುದು ತಡವಾಯಿತೆಂದು ಬಂದ ಗಾಡಿಯಲ್ಲೇ ತಿರುಗಿ ಹೋಗಿದ್ದರಂತೆ. ಅದಕ್ಕೇ ಬಗ್ಗಬಾರದು ಎಂದೆ ನಾನು. ಇಂದು ನಾನು ಗೇಣು ಬಗ್ಗಿದರೆ ನಾಳೆ ಆ ಮನೆಯಲ್ಲಿ ಗಂಗವ್ವ ಮೊಳ ಬಗ್ಗಬೇಕಾಗುತ್ತದೆ. ಈ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಅಕ್ಕಿ ಆರಿಸುತ್ತ ಕುಳಿತಿದ್ದ ಗಂಗವ್ವ ತಲೆ ಎತ್ತದೆ ಹೇಳಿದಳು: "ಅಣ್ಣಾ, ನೀ ಬಗ್ಗಬ್ಯಾಡ, ನಾ ಏನೂ ಅನ್ನೂದಿಲ್ಲ. ಆದ್ರ ಅವರು ಬಂದ ಗಾಡ್ಯಾಗ ತಿರುಗಿ ಹೋಗದಂಗ ನೋಡ್ಕೋ. ನನಗ ಆ ಮನಿಗೆ ಹೋಗೂ ಮನಸೈತಿ." ಆಗಿನ ಕಾಲದ ಹುಡುಗಿ ತನ್ನ ಮನಸ್ಸನ್ನು ಹೀಗೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಒಳಗೊಳಗೇ ಹೆದರಿಕೆ ಶುರುವಾಯಿತು.

ಕೈ ಮುಗಿದು ನೆಟ್ಟಗೆ ನಿಲ್ಲುವುದು ದೊಡ್ಡ ಮಾತಲ್ಲ. ತೊಡಕಿದ್ದದ್ದು ತಂಬಿಗೆಯಲ್ಲಿ. ಬಾಗಿಲಿಗೆ ಬಂದ ಬೀಗರ ಕಾಲಿಗೆ ನೀರಿನ ತಂಬಿಗೆಯನ್ನು ಯಜಮಾನ ತನ್ನ ಕೈಯಾರೆ ಅವರ ಮುಂದೆ ನೆಲದ ಮೇಲೆ ಇಡಬೇಕು. ನೆಲವೋ, ಯಾರ ಸಿದ್ಧಾಂತಕ್ಕೂ ಮೇಲೆ ಬರುವಂಥದ್ದಲ್ಲ. ಬಹಳ ವಿಚಾರ ಮಾಡಿ ಒಂದು ಯುಕ್ತಿ ಕಂಡುಕೊಂಡೆ. ಬೆನ್ನು ಕಂಬದ ಹಾಗೆ ನೆಟ್ಟಗಿಟ್ಟು, ಕಣ್ಣು ಎದುರಿನವರ ಮುಖದ ಮೇಲೇ ನೆಟ್ಟು, ಬರೀ ಮೊಣಕಾಲು ಮಡಚಿ ಕೆಳಗಿಳಿಯುವುದು. ಹಿತ್ತಲಲ್ಲಿ ಮೂರ್ನಾಲ್ಕು ದಿನ ತಾಲೀಮು ಮಾಡಿದೆ. ಮೊಣಕಾಲು ಲಟಲಟ ಅಂದವು. ಹೆಂಡತಿ ನೋಡಿ, ಹೊಟ್ಟೆಯಲ್ಲಿ ಏನಾದರೂ ಸಂಕಟವೇ ಎಂದು ಕೇಳಿ ಓಮಿನ ಕಷಾಯ ತಂದುಕೊಟ್ಟಳು.

ಬೀಗರು ಬಂದರು. ಆಳೆತ್ತರದ ಮನುಷ್ಯ, ತಲೆಗೆ ದೊಡ್ಡ ರುಮಾಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಎದುರು ಕಟ್ಟೆಯ ಮೇಲೆ ಬಸಲಿಂಗಪ್ಪ ತನ್ನ ಪರಿವಾರ ಸಮೇತ ಕುಳಿತಿದ್ದ. ನಾನು ತಂಬಿಗೆ ಹಿಡಿದು ಬೀಗರೆದುರು ನಿಂತು, ಎದೆ ಉಬ್ಬಿಸಿ, ಅವರ ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ ಇಳಿಯತೊಡಗಿದೆ. ಬೀಗರ ಹುಬ್ಬು ಗಂಟಿಕ್ಕಿತು. ಗಾಡಿಯ ಎತ್ತು ಇನ್ನೂ ಬಿಚ್ಚಿರಲಿಲ್ಲ. ಆದರೂ ಬೆನ್ನು ಬಿಟ್ಟುಕೊಡಲಿಲ್ಲ. ಪೂರ್ತಿ ಕುಕ್ಕರಗಾಲಲ್ಲಿ ಕುಳಿತು ತಂಬಿಗೆ ಇಟ್ಟೆ. ಏಳಬೇಕೆಂದರೆ ಮೊಣಕಾಲು ಒಪ್ಪಲಿಲ್ಲ. ಆಸರೆಗೆಂದು ಎರಡೂ ಕೈ ಮುಂದೆ ಊರಿದೆ. ಊರಿದ ಜಾಗದಲ್ಲಿ ಬೀಗರ ಪಾದಗಳಿದ್ದವು.

ಬೀಗರು ಗಾಬರಿಯಾಗಿ ತಾವೇ ಪೂರಾ ಬಗ್ಗಿ, ನನ್ನ ಎರಡೂ ಭುಜ ಹಿಡಿದು ಎತ್ತಿದರು. "ಏಳ್ರಿ ಬೀಗರ, ಏಳ್ರಿ. ಇಷ್ಟ್ಯಾಕ ತಗ್ಗಾಕತ್ತೀರಿ? ನಮ್ಮ ನವಾಬರ ಮುಂದೂ ನಾವು ಇಷ್ಟು ತಗ್ಗೂದಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ಇಂಥ ವಿನಯದ ಮನೆಯ ಹೆಣ್ಣು ಸಿಗಲು ಪುಣ್ಯ ಮಾಡಿರಬೇಕೆಂದು ಅಲ್ಲೇ ಎಲೆ ಅಡಿಕೆ ಕೇಳಿದರು. ಬಾಗಿಲ ಹಿಂದೆ ಗಂಗವ್ವ ಸೆರಗು ಬಾಯಿಗೊತ್ತಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಸಂಜೆ ಕಟ್ಟೆಯ ಮೇಲೆ, ನನ್ನ ಬೆನ್ನು ಒಂದಿಷ್ಟಾದರೂ ಬಗ್ಗಿತ್ತೇ ಎಂದು ಬಸಲಿಂಗಪ್ಪನನ್ನೇ ಕೇಳಿದೆ.

"ಬೆನ್ನು ಬಗ್ಗಲಿಲ್ಲ, ಖರೇ," ಎಂದ ಅವನು. "ಉಳಿದದ್ದೆಲ್ಲಾ ಬಗ್ಗಿತ್ತು."

ವಿಲಾಯತಿಯಲ್ಲಿ ನಮ್ಮ ಮುಖಂಡರು ಏನು ಮಾಡಿದರೆಂದು ಪತ್ರಿಕೆಯಲ್ಲಿ ಸರಿಯಾಗಿ ಬರಲಿಲ್ಲ. ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ದೇಶದ ಪರವಾಗಿ ನಿಂತವರು ಬಗ್ಗಕೂಡದು, ಬಗ್ಗಬಾರದೆಂದು ಬಹಳ ಯುಕ್ತಿಯನ್ನೂ ಮಾಡಕೂಡದು. ಗಂಗವ್ವ ಆ ಮನೆಯಲ್ಲಿ ತಲೆ ಎತ್ತಿಕೊಂಡೇ ಇದ್ದಾಳೆ. ಪಂಚಮಿಗೆ ಅವಳನ್ನು ಕರೆಯಲು ನಾನು ಸವಣೂರಿಗೆ ಹೋದಾಗಲೆಲ್ಲ, ದೂರದಿಂದಲೇ ನನ್ನನ್ನು ಕಂಡು ಬೀಗರು ಓಡಿಬರುತ್ತಾರೆ. ನಾನು ಎಷ್ಟೇ ನೆಟ್ಟಗೆ ನಿಂತಿರಲಿ, ಇನ್ನೇನು ಕಾಲಿಗೆ ಬಿದ್ದೇಬಿಟ್ಟೇನೆಂದು ಮುಂಚಿತವಾಗಿಯೇ ಎರಡೂ ಭುಜ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.