ತಿಪ್ಪೆ ಒಲ್ಲದ ಕಸ

ನಮ್ಮ ಎಮ್ಮೆ ಮನೆ ಬಿಟ್ಟು ಹೋದದ್ದು ಹಾಲು ಬತ್ತಿದ್ದಕ್ಕಲ್ಲ, ವಯಸ್ಸಾದದ್ದಕ್ಕೂ ಅಲ್ಲ. ಪ್ಲಾಸ್ಟಿಕ್ ಚೀಲದ ದೆಸೆಯಿಂದ ಹೋಯಿತು. ಮಗ ಓಣಿಯವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ. ಅವನು ಓದಿದವನು, ಅವನಿಗೆ ಕಾರಣಗಳು ಬಹಳ ಸಿಗುತ್ತವೆ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನಗೆ ಸಿಕ್ಕಿದ್ದು ಇದೊಂದೇ.

ನನ್ನ ತವರು ಸಿರುಗುಪ್ಪ. ಅಲ್ಲಿ ಶೆಟ್ಟಿ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದ. ದಾರ ಗೂಟಕ್ಕೆ, ಕಾಗದ ಒಲೆಗೆ. ಉಳಿದ ಕಸವೆಲ್ಲ ತಿಪ್ಪೆಗೆ. ಬಳ್ಳಾರಿಗೆ ಬಂದ ಮೇಲೂ ಹಿತ್ತಲಲ್ಲಿ ಎಮ್ಮೆ ಇತ್ತು, ತಿಪ್ಪೆ ಇತ್ತು. ದೀಪಾವಳಿಗೆ ತಿಪ್ಪೆಗೂ ಒಂದು ದೀಪ ಇಟ್ಟು ಕೈ ಮುಗಿಯುವವರು ನಾವು. ಬೇಸಿಗೆಯಲ್ಲಿ ರೂಪನಗುಡಿಯ ರೈತ ಹನುಮಂತಪ್ಪ ಬಂಡಿ ತಂದು ಗೊಬ್ಬರ ಹೇರಿಕೊಂಡು ಹೋಗುತ್ತಿದ್ದ. ಬದಲಿಗೆ ಎಮ್ಮೆಗೆ ವರ್ಷದ ಜೋಳದ ಸೊಪ್ಪೆ ಹಾಕುತ್ತಿದ್ದ. ಆ ಸೊಪ್ಪೆಯಿಂದಲೇ ಎಮ್ಮೆಯ ಹೊಟ್ಟೆ ತುಂಬುತ್ತಿತ್ತು.

ಆ ವರ್ಷ ಅವನು ಬಂಡಿ ತರಲಿಲ್ಲ. ಒಂದು ಬುಟ್ಟಿ ಹೊತ್ತು ಬಂದು ಅಂಗಳದಲ್ಲಿ ಸುರಿದ. ಬಿಸ್ಕತ್ತಿನ ಹೊದಿಕೆ, ಸೋಪಿನ ಪುಡಿಯ ಚೀಲ, ಸೀರೆ ಅಂಗಡಿಯ ಚೀಲ. ನಮ್ಮದೇ ಸಂಸಾರ, ಮಣ್ಣು ಮೆತ್ತಿಕೊಂಡು ಹೊಲದಿಂದ ವಾಪಸ್ ಬಂದಿತ್ತು.

"ಯವ್ವಾ, ನಿಮ್ಮ ಗೊಬ್ಬರ ಹಾಕಿದ ಹೊಲದಾಗ ಜ್ವಾಳ ಬೆಳಿಯಾಕ ಒಲ್ಲದು, ಬಿಸ್ಕತ್ ಬೆಳಿತೈತಿ. ಕುಂಟಿ ಹೊಡದ್ರ ಕಬ್ಬಿಣದ ಕುಡಕ್ಕ ಇವೇ ಸುತ್ಕಂತಾವ. ಇನ್ನ ನಂಗ ಬ್ಯಾಡ್ರಿ."

ನಾನು ಸೊಸೆಯನ್ನು ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಅತ್ತೀ, ಬಂದ ದಿನಾನ ನೀವೇ ಹೇಳಿದ್ರಿ, ಕಸ ಅಂದ್ರ ತಿಪ್ಪಿಗೆ ಹಾಕಬೇಕು, ಓಣಿಗೆ ಒಗಿಬಾರ್ದು ಅಂತ. ಇದು ಕಸ ಅಲ್ಲೇನ್ರಿ?"

ಇದು ಕಸ ಅಲ್ಲ ಎನ್ನಲು ನನ್ನ ಹತ್ತಿರ ಬೇರೆ ಹೆಸರು ಇರಲಿಲ್ಲ. ತಿಪ್ಪೆ ಒಲ್ಲೆ ಎನ್ನುವ ವಸ್ತು ಲೋಕದಲ್ಲಿ ಹುಟ್ಟುತ್ತದೆ ಎಂದು ನನಗೆ ಯಾರು ಹೇಳಿದ್ದರು?

ನಾವು ಸಾಮಾನು ತರುವ ಗಾಂಧಿನಗರದ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವನು ನಕ್ಕ. "ಕಂಪನಿಯೋರು ಹಂಗ ಕಳಿಸ್ತಾರಮ್ಮಾ. ಬಿಸ್ಕತ್ ಬಿಚ್ಚಿ ನಿಮ್ಮ ಸೆರಗಿಗೆ ಹಾಕ್ಲೇನು?" ಮನೆಗೆ ಬಂದು ಮಗನಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತಲಿಲ್ಲ. "ಅದನ್ನ ಮುನಸಿಪಾಲ್ಟಿಯೋರು ನೋಡ್ಕಂಬೇಕವ್ವಾ." ಮಾಡಿದ್ದು ಕಂಪನಿ, ಮಾರಿದ್ದು ಅಂಗಡಿ, ತಿಂದವರು ನಾವು, ನೋಡಿಕೊಳ್ಳಬೇಕಾದವರು ಇನ್ಯಾರೋ. ನಡುವೆ ಹನುಮಂತಪ್ಪನ ಸೊಪ್ಪೆ ನಿಂತು ಎಮ್ಮೆ ಒಣ ಗೋದಲಿ ನೆಕ್ಕುತ್ತಿತ್ತು. ಅದೊಂದೇ ಯಾರ ಮೇಲೂ ತಪ್ಪು ಹಾಕಲಿಲ್ಲ.

ಹಿಂಡಿ, ಹುಲ್ಲು ಕೊಂಡು ಸಾಕುವುದು ಆಗದು ಎಂದ ಮಗ. ಹನುಮಂತಪ್ಪನೇ ಎಮ್ಮೆ ಹೊಡೆದುಕೊಂಡು ಹೋಗಲು ಬಂದ. "ಎಮ್ಮಿ ಕೊಡ್ರಿ ಸಾಕು, ತಿಪ್ಪಿ ನಿಮ್ಮಲ್ಲೇ ಇರ್ಲಿ. ಇದರ ಸಗಣಿ ಚೊಲೊ ಐತಿ, ಕೆಟ್ಟದ್ದು ನಿಮ್ಮ ಮನಿದು" ಎಂದ. ಮೂಗುದಾಣ ಹಿಡಿದು ಹೊರಟ. ನಾನು ಬಾಗಿಲಿಗೂ ಹೋಗಲಿಲ್ಲ. ಹೋದರೆ ಅವನ ಮಾತಿಗೆ ಉತ್ತರ ಕೊಡಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಮಗ ಡೈರಿ ಹಾಲು ತಂದ. ಅದೂ ಪ್ಲಾಸ್ಟಿಕ್ಕಿನಲ್ಲಿ, ಸತ್ತ ಮೀನಿನ ಹಾಗೆ ತಣ್ಣಗೆ. ಸೊಸೆ ಮೂಲೆ ಕತ್ತರಿಸಿ ಹಾಲು ಸುರುವಿ, ಖಾಲಿ ಚೀಲ ಹಿಡಿದು ನನ್ನ ಮುಖ ನೋಡಿದಳು. "ಅತ್ತೀ, ಇದನ್ನೆಲ್ಲಿ ಹಾಕ್ಲಿ?" ನಾನು ಅದನ್ನು ಕಸಿದುಕೊಂಡು ಸೀಗೆಪುಡಿ ಹಾಕಿ ತೊಳೆದೆ, ಬಿಸಿಲಿಗೆ ಒಣಗಿಸಿದೆ, ನನ್ನ ಎಲೆ-ಅಡಿಕೆಯ ತಂಬಾಕು ತುಂಬಿ ಬಾಯಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ತಂಬಾಕಿಗೆ ಒಂದಿಷ್ಟೂ ಬೆವರು ತಾಗಲಿಲ್ಲ. ನಾಳೆಯದನ್ನೂ ಎಸೆಯಬೇಡ ಎಂದು ಸೊಸೆಗೆ ಹೇಳಿಟ್ಟೆ.